ಶಾಲೆಯ ಗೇಟಿನಲ್ಲಿ ಗನ್ ಯಾಕೆ, ಮಗಳು ಮೂಲೆಯಲ್ಲಿ ಕೂತದ್ದು ಯಾಕೆ?

ಪ್ರಶ್ನೆ: ಮೇಡಂ, ಮೈಸೂರಿನಿಂದ ಫ್ಲೋರಿಡಾದ ಟ್ಯಾಂಪಾಕ್ಕೆ ಬಂದು ಐದು ತಿಂಗಳಾಯಿತು. ಮಗಳು ಇಲ್ಲಿನ ಪಬ್ಲಿಕ್ ಸ್ಕೂಲಿನಲ್ಲಿ ಎರಡನೇ ಕ್ಲಾಸು. ಕಳೆದ ವಾರ ಮನೆಗೆ ಬಂದವಳೇ, "ಅಮ್ಮಾ, ಇವತ್ತು ಲೈಟ್ ಆರಿಸಿ ಎಲ್ಲರೂ ಮೂಲೆಯಲ್ಲಿ ಕೂತಿದ್ವಿ, ಮಿಸ್ ಮಾತಾಡ್ಲೇಬೇಡಿ ಅಂದ್ರು" ಅಂದಳು. ಶಾಲೆಯ ಗೇಟಿನಲ್ಲಿ ಸೊಂಟಕ್ಕೆ ಗನ್ ಕಟ್ಟಿಕೊಂಡವರು ನಿಂತಿರುತ್ತಾರೆ. ನನಗಂತೂ ರಾತ್ರಿ ನಿದ್ದೆ ಹತ್ತುತ್ತಿಲ್ಲ. ಇದೆಲ್ಲ ಕಾನೂನಾ, ಅಥವಾ ಆ ಶಾಲೆಯವರೇ ಮಾಡಿಕೊಂಡದ್ದಾ? ಇದರಿಂದ ನಿಜವಾಗಿ ಉಪಯೋಗ ಇದೆಯಾ? ಡ್ರಿಲ್ ದಿನ ಅವಳನ್ನು ಮನೆಯಲ್ಲೇ ಇಟ್ಟುಕೊಳ್ಳಲಾ? ಖಾಸಗಿ ಶಾಲೆಗೆ ಸೇರಿಸೋಣ ಅಂತ ಯಜಮಾನರು ಹೇಳುತ್ತಿದ್ದಾರೆ. ಡಿಸೆಂಬರಿನಲ್ಲಿ ಅತ್ತೆ-ಮಾವ ಬರುತ್ತಾರೆ, ಅವರಿಗೆ ಇದನ್ನೆಲ್ಲ ಹೇಗೆ ವಿವರಿಸುವುದೋ ಗೊತ್ತಾಗುತ್ತಿಲ್ಲ.

ಉತ್ತರ: ನಿಮ್ಮ ಮಗಳು ಕೂತಿದ್ದ ಆ ಮೂಲೆಯಿಂದಲೇ ಶುರು ಮಾಡುತ್ತೇನೆ. ಅದಕ್ಕೆ ಇಲ್ಲಿ ‘ಹಾರ್ಡ್ ಕಾರ್ನರ್’ ಅಂತಾರೆ. ಕ್ಲಾಸಿನ ಬಾಗಿಲಲ್ಲಿ ಒಂದು ಗಾಜಿನ ಕಿಂಡಿ ಇರುತ್ತದಲ್ಲ, ಹೊರಗೆ ನಿಂತವನು ಅದರಲ್ಲಿ ಇಣುಕಿದರೆ ಕಾಣದ ಜಾಗ ಅದು. ಮುಂದಿನ ಸಲ ಶಾಲೆಗೆ ಹೋದಾಗ ನೆಲ ನೋಡಿ. ಆ ಜಾಗಕ್ಕೆ ಗುರುತು ಹಾಕಿರುತ್ತಾರೆ, ಬಣ್ಣದ ಟೇಪೋ, ಗೋಡೆಯ ಮೇಲೆ ಒಂದು ಚಿತ್ರವೋ. ನಾನು ಈ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಹದಿನೆಂಟು ವರ್ಷ ಕೌನ್ಸೆಲರ್ ಆಗಿದ್ದವಳು. ಮೊದಲ ಹತ್ತು ವರ್ಷ ಆ ಟೇಪನ್ನು ನಾನೂ ನೋಡಿರಲಿಲ್ಲ. ಅದು ಯಾಕೆ ಬಂತು ಅನ್ನುವುದು ಗೊತ್ತಾದರೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕ ಹಾಗೆ.

2018ರ ಫೆಬ್ರವರಿ 14. ಇದೇ ಫ್ಲೋರಿಡಾದ ಬ್ರೌವರ್ಡ್ ಕೌಂಟಿಯ ಪಾರ್ಕ್‌ಲ್ಯಾಂಡ್ ಊರಿನ ಮಾರ್ಜರಿ ಸ್ಟೋನ್‌ಮನ್ ಡಗ್ಲಸ್ ಹೈಸ್ಕೂಲು. ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷದ ಸುಮಾರು, ಶಾಲೆ ಬಿಡುವ ಹೊತ್ತು. ಹತ್ತೊಂಬತ್ತು ವರ್ಷದ ಹಳೆಯ ವಿದ್ಯಾರ್ಥಿಯೊಬ್ಬ ಊಬರ್‌ನಿಂದ ಇಳಿದ. ಕೈಯಲ್ಲಿ ರೈಫಲ್ ಇಟ್ಟ ಉದ್ದನೆಯ ಚೀಲ. ಮಕ್ಕಳು ಮನೆಗೆ ಹೋಗುವ ಸಮಯ ಅಂತ ಗೇಟು ತೆಗೆದಿಟ್ಟಿದ್ದರು, ಅಲ್ಲಿ ಕಾಯುವವರು ಯಾರೂ ಇರಲಿಲ್ಲ. 12ನೇ ಕಟ್ಟಡದ ಬಾಗಿಲಿಗೂ ಬೀಗ ಇರಲಿಲ್ಲ. ಅವನು ಒಳಗೆ ನಡೆದುಕೊಂಡು ಹೋಗುವುದನ್ನು ಶಾಲೆಯ ಸಿಬ್ಬಂದಿ ಒಬ್ಬರು ನೋಡಿದರು ಕೂಡ. ಆದರೆ ‘ಕೋಡ್ ರೆಡ್’, ಅಂದರೆ ಅಪಾಯ ಬಂದಿದೆ, ಬಾಗಿಲು ಹಾಕಿ ಅಡಗಿ ಅನ್ನುವ ಸಂಕೇತವನ್ನು ಎಲ್ಲರಿಗೂ ಕೂಗಿ ಹೇಳಲಿಲ್ಲ. ಮೊದಲ ಗುಂಡು ಹಾರಿ ಮೂರು ನಿಮಿಷ ದಾಟಿದ ಮೇಲೆ ರೇಡಿಯೊದಲ್ಲಿ ಆ ಮಾತು ಬಂತು. ಒಟ್ಟು ನಡೆದದ್ದು ಆರು ನಿಮಿಷದ ಆಸುಪಾಸು. ಹದಿನಾಲ್ಕು ಮಕ್ಕಳು, ಮೂವರು ಸಿಬ್ಬಂದಿ ಸತ್ತರು. ಇನ್ನೂ ಹದಿನೇಳು ಜನಕ್ಕೆ ಗುಂಡು ತಗಲಿತು.

ಆಮೇಲೆ ತನಿಖೆ ಮಾಡಿದ ಆಯೋಗ ಒಂದು ಸಂಗತಿ ಬರೆಯಿತು. ಅದನ್ನು ಓದಿದ ದಿನ ನಾನು ನನ್ನ ರೂಮಿನ ಬಾಗಿಲ ಮುಂದೆ ಸುಮಾರು ಹೊತ್ತು ನಿಂತಿದ್ದೆ. ಆ ಹುಡುಗ ಒಂದೇ ಒಂದು ಕ್ಲಾಸಿನ ಒಳಗೂ ಕಾಲಿಟ್ಟಿರಲಿಲ್ಲ. ಕಾರಿಡಾರಿನಲ್ಲಿ ನಡೆದುಕೊಂಡು ಹೋಗುತ್ತಾ ಬಾಗಿಲ ಗಾಜಿನಲ್ಲಿ ಕಂಡವರಿಗೆ ಹೊಡೆದಿದ್ದ. ಕಿಂಡಿಗೆ ಕಾಣದ ಜಾಗ ಯಾವುದು ಅಂತ ಆ ಕಟ್ಟಡದ ಎರಡೇ ಎರಡು ಕ್ಲಾಸಿನಲ್ಲಿ ಗುರುತು ಹಾಕಿತ್ತು. ಕೆಲವು ರೂಮುಗಳಲ್ಲಿ ಆ ಮೂಲೆಯನ್ನು ಮೇಜು, ಬೀರು ತುಂಬಿಕೊಂಡಿದ್ದವು, ಎಲ್ಲ ಮಕ್ಕಳಿಗೂ ಜಾಗ ಸಾಲಲಿಲ್ಲ. ಬಾಗಿಲಿಗೆ ಬೀಗ ಹಾಕಬೇಕಾದರೆ ಟೀಚರು ಹೊರಗೆ ಬಂದು ಕೀಲಿ ತಿರುಗಿಸಬೇಕಿತ್ತು. ಹೊರಗೆ ಗುಂಡು ಹಾರುತ್ತಿದೆ, ಹೊರಗೇ ಬಂದು ಬೀಗ ಹಾಕಬೇಕು! ಸಾಲದ್ದಕ್ಕೆ, ಗುಂಡಿನ ಹೊಗೆ-ಧೂಳಿಗೆ ಫೈರ್ ಅಲಾರಂ ಹೊಡೆದುಕೊಂಡಿತು. ಬೆಂಕಿ ಬಿದ್ದಿದೆ ಅಂದುಕೊಂಡು ಮೂರನೇ ಮಹಡಿಯ ಮಕ್ಕಳು ಕಾರಿಡಾರಿಗೆ ಬಂದರು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತ ನಮ್ಮಲ್ಲಿ ಗಾದೆ ಇದೆಯಲ್ಲ. ಇಲ್ಲಿ ಅದು ಅಕ್ಷರಶಃ ನಡೆಯಿತು. ಆದರೆ ಬೇಗ ನಡೆಯಿತು, ಆ ಮೆಚ್ಚುಗೆ ಕೊಡಬೇಕು. ಆ ಶಾಲೆಯ ಸುಮಾರು ನೂರು ಮಕ್ಕಳು ಬಸ್ಸು ಹತ್ತಿ ರಾಜಧಾನಿ ಟಾಲಹಾಸಿಗೆ ಹೋಗಿ ಶಾಸಕರ ಬಾಗಿಲು ತಟ್ಟಿದರು. ಮಾರ್ಚ್ 9ಕ್ಕೆ ಗವರ್ನರ್ ರಿಕ್ ಸ್ಕಾಟ್ ಕಾನೂನಿಗೆ ಸಹಿ ಹಾಕಿದರು. ಮೇಲ್ಮನೆಯಾದ ಸೆನೆಟ್‌ನಲ್ಲಿ ಪರ 20, ವಿರೋಧ 18; ಕೆಳಮನೆಯಲ್ಲಿ ಪರ 67, ವಿರೋಧ 50. ಅಂದರೆ ಕೂದಲೆಳೆಯಲ್ಲಿ ಪಾಸಾಯಿತು. ಗನ್ನಿನ ವಿಷಯಕ್ಕೆ ಕೈ ಹಾಕಲು ಹೆದರುವ ರಾಜ್ಯದಲ್ಲಿ ಗನ್ ಕೊಳ್ಳುವ ವಯಸ್ಸು 21ಕ್ಕೆ ಏರಿತು, ಕೊಳ್ಳಲು ಮೂರು ದಿನ ಕಾಯುವ ನಿಯಮ ಬಂತು. ಅಪಾಯ ಅನ್ನಿಸಿದವರ ಗನ್ನನ್ನು ನ್ಯಾಯಾಲಯದ ಆದೇಶ ಪಡೆದು ಪೊಲೀಸರು ತೆಗೆದಿಟ್ಟುಕೊಳ್ಳುವ ದಾರಿಯಾಯಿತು. ಶಾಲೆಗಳಿಗೆ, ಮಾನಸಿಕ ಆರೋಗ್ಯಕ್ಕೆ ಅಂತೆಲ್ಲ ಸೇರಿ 40 ಕೋಟಿ ಡಾಲರ್ ಇಟ್ಟರು. ಕಾನೂನಿಗೆ ಆ ಶಾಲೆಯ ಹೆಸರನ್ನೇ ಕೊಟ್ಟರು.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಹೌದು, ಇದು ರಾಜ್ಯದ ಕಾನೂನು. ನಿಮ್ಮ ಶಾಲೆಯವರು ಸುಮ್ನೆ ಹೆದರಿ ಮಾಡಿಕೊಂಡದ್ದಲ್ಲ. ಅಮೆರಿಕದಲ್ಲಿ ಶಾಲೆ ರಾಜ್ಯಗಳ ಕೈಯಲ್ಲಿರುವ ವಿಷಯ, ಆದ್ದರಿಂದ ಟೆಕ್ಸಸ್‌ನಲ್ಲಿ ನಿಮಗೊಬ್ಬ ಗೆಳತಿ ಇದ್ದರೆ ಅವಳ ಮಗನ ಶಾಲೆಯಲ್ಲಿ ನಿಯಮ ಬೇರೆ ಇರಬಹುದು. ಇನ್ನೊಂದು ಮಾತು ಅತ್ತೆ-ಮಾವಂದಿರಿಗೆ: ನಮ್ಮೂರಿನಲ್ಲಿ ಪಬ್ಲಿಕ್ ಸ್ಕೂಲ್ ಅಂದರೆ ಫೀಸು ಜಾಸ್ತಿ ಇರುವ ಖಾಸಗಿ ಶಾಲೆ. ಇಲ್ಲಿ ಅದು ಸರ್ಕಾರಿ ಶಾಲೆ. ಈ ಕಾನೂನೆಲ್ಲ ಮುಖ್ಯವಾಗಿ ಅದಕ್ಕೇ.

ಈಗ ಗೇಟಿನಲ್ಲಿ ನಿಂತವರ ವಿಷಯ. 2018ರ ಕಾನೂನಿನ ಪ್ರಕಾರ ಫ್ಲೋರಿಡಾದ ಪ್ರತಿ ಸರ್ಕಾರಿ ಶಾಲೆಯಲ್ಲೂ ಒಬ್ಬ ‘ಸೇಫ್ ಸ್ಕೂಲ್ ಆಫೀಸರ್’ ಇರಲೇಬೇಕು. ಅವರು ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಕಡೆಯ ಪೊಲೀಸ್ ಆಗಿರಬಹುದು, ಶಾಲಾ ಜಿಲ್ಲೆಯ (ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ಸ್ವಂತ ಪೊಲೀಸ್ ಆಗಿರಬಹುದು, ‘ಗಾರ್ಡಿಯನ್’ ಅಂದರೆ ತರಬೇತಿ ಪಡೆದು ಗನ್ ಇಟ್ಟುಕೊಂಡ ಶಾಲೆಯವರು ಆಗಿರಬಹುದು, ಲೈಸೆನ್ಸ್ ಇರುವ ಸೆಕ್ಯುರಿಟಿಯವರೂ ಆಗಿರಬಹುದು. ಗಾರ್ಡಿಯನ್ ಅನ್ನುವ ಹೆಸರು ಬಂದದ್ದು ಪಾರ್ಕ್‌ಲ್ಯಾಂಡಿನಲ್ಲಿ ಮಕ್ಕಳಿಗೆ ಅಡ್ಡ ನಿಂತು ಸತ್ತ ಫುಟ್‌ಬಾಲ್ ಕೋಚ್ ಆರನ್ ಫೈಸ್ ಅವರ ನೆನಪಿನ ಯೋಜನೆಯಿಂದ. ಗಾರ್ಡಿಯನ್‌ಗೆ 144 ಗಂಟೆ ತರಬೇತಿ, ಮಾನಸಿಕ ಪರೀಕ್ಷೆ, ಡ್ರಗ್ ಪರೀಕ್ಷೆ ಎಲ್ಲ ಇದೆ. 2019ರಿಂದ, ಜಿಲ್ಲೆ ಒಪ್ಪಿದರೆ, ಪಾಠ ಮಾಡುವ ಟೀಚರೂ ಗಾರ್ಡಿಯನ್ ಆಗಬಹುದು. ನಿಮ್ಮ ಶಾಲೆಯಲ್ಲಿ ಇರುವವರು ಯಾರು ಅಂತ ಆಫೀಸಿನಲ್ಲಿ ಕೇಳಿ, ಸಂಕೋಚ ಬೇಡ. ಬೆಳಿಗ್ಗೆ ಅವರಿಗೆ ಒಂದು ಗುಡ್ ಮಾರ್ನಿಂಗ್ ಹೇಳಿ, ಮಗಳ ಕೈಯಲ್ಲೂ ಹೇಳಿಸಿ. ಮಗುವಿಗೆ ಅವರ ಹೆಸರು ಗೊತ್ತಾದರೆ ಸೊಂಟದ ಗನ್ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ.

ಆದರೆ ಇದರಿಂದ ಉಪಯೋಗ ಇದೆಯಾ ಅಂತ ಕೇಳಿದಿರಿ. ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಈ ಕಾನೂನಿನಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ಗನ್ನು. ನನ್ನ ಲೆಕ್ಕದಲ್ಲಿ ಅದರಲ್ಲಿ ಅತಿ ಕಡಿಮೆ ಭರವಸೆ ಇಡಬೇಕಾದದ್ದೂ ಅದೇ. ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ ಅವತ್ತು ಗನ್ ಇದ್ದ ಅಧಿಕಾರಿ ಇದ್ದರು, ಕಟ್ಟಡದ ಹೊರಗೇ ಉಳಿದರು. 2022ರ ಮೇ 24ರಂದು ಟೆಕ್ಸಸ್‌ನ ಯುವಾಲ್ಡಿ ಊರಿನ ಶಾಲೆಯೊಂದಕ್ಕೆ ಗನ್ ಹಿಡಿದವನು ನುಗ್ಗಿದಾಗ 376 ಪೊಲೀಸರು ಬಂದಿದ್ದರು. ಅವನಿದ್ದ ಕ್ಲಾಸಿನ ಒಳಗೆ ನುಗ್ಗಲು ಅವರಿಗೆ 77 ನಿಮಿಷ ಹಿಡಿಯಿತು, ಹತ್ತೊಂಬತ್ತು ಮಕ್ಕಳು, ಇಬ್ಬರು ಟೀಚರು ಹೋದರು. 1980ರಿಂದ 2019ರವರೆಗಿನ 133 ಘಟನೆಗಳನ್ನು ನೋಡಿದ ಒಂದು ಅಧ್ಯಯನದಲ್ಲಂತೂ ಗನ್ ಹಿಡಿದ ಕಾವಲಿದ್ದ ಕಡೆ ಸಾವು ಕಡಿಮೆ ಇರಲಿಲ್ಲ, ಜಾಸ್ತಿಯೇ ಇತ್ತು. ಕಾವಲಿನಿಂದಲೇ ಸಾವು ಜಾಸ್ತಿಯಾಯಿತು ಅಂತ ಅದರ ಅರ್ಥ ಅಲ್ಲ. ಸಾಯಲೆಂದೇ ಬಂದವನನ್ನು ಕಾವಲು ಹೆದರಿಸುವುದಿಲ್ಲ, ಅಷ್ಟೇ. ಒಳ್ಳೆಯ ಆಫೀಸರ್ ಇದ್ದರೆ ಬೇರೆ ನೂರು ಕೆಲಸಕ್ಕೆ ಆಗುತ್ತಾರೆ, ಬೇಡ ಅನ್ನುವುದಿಲ್ಲ. ಅವರೊಬ್ಬರು ಇದ್ದಾರೆ ಅಂತ ಬಾಗಿಲು ತೆರೆದಿಟ್ಟರೆ ನಾನು ಜಗಳ ಆಡುತ್ತೇನೆ.

ಯಾಕೆಂದರೆ ನನಗೆ ನಂಬಿಕೆ ಇರುವುದು ಆ ಬಾಗಿಲಿನಲ್ಲಿ. 2024ರಲ್ಲಿ ಫ್ಲೋರಿಡಾ ಇನ್ನೊಂದು ಕಾನೂನು ಮಾಡಿತು. ಮಕ್ಕಳು ಒಳಗಿರುವಾಗ ಶಾಲೆಯ ಗೇಟು ಒಂದೋ ಬೀಗ ಹಾಕಿರಬೇಕು, ಇಲ್ಲವೇ ಅಲ್ಲೊಬ್ಬರು ನಿಂತು ಕಾಯುತ್ತಿರಬೇಕು. ಕ್ಲಾಸಿನ ಬಾಗಿಲಿಗೂ ಹೆಚ್ಚುಕಡಿಮೆ ಅದೇ ಮಾತು. ಸುರಕ್ಷಿತ ಜಾಗಕ್ಕೆ ಗುರುತು ಹಾಕಿರಲೇಬೇಕು. ಓದಲು ಎಷ್ಟು ಸಪ್ಪೆ, ಅಲ್ವಾ? ಪಾಲಿಸುವುದು ಅದಕ್ಕಿಂತ ಕಷ್ಟ. ಕ್ಲಾಸಿನಲ್ಲಿ ಇಪ್ಪತ್ತು ಮಕ್ಕಳು. ಒಬ್ಬ ಟಾಯ್ಲೆಟ್ಟಿಗೆ, ಒಬ್ಬಳು ನರ್ಸ್ ಹತ್ತಿರ, ಇನ್ನೊಬ್ಬ ಸ್ಪೀಚ್ ಥೆರಪಿಗೆ. ಪ್ರತಿ ಸಲವೂ ಟೀಚರು ಎದ್ದು ಬಾಗಿಲು ತೆಗೆಯಬೇಕು. ಮೊದಲೆಲ್ಲ ನಾವು ಬೀಗದ ನಾಲಿಗೆ ಕೂರುವ ಜಾಗಕ್ಕೆ ಒಂದು ಅಯಸ್ಕಾಂತದ ಪಟ್ಟಿ ಅಂಟಿಸಿ, ಬಾಗಿಲು ಹಾಕಿದರೂ ಬೀಗ ಬೀಳದ ಹಾಗೆ ಮಾಡಿಕೊಳ್ಳುತ್ತಿದ್ದೆವು. ಕೋಡ್ ರೆಡ್ ಬಂದರೆ ಪಟ್ಟಿ ಎಳೆದರಾಯಿತು ಅನ್ನುವ ಲೆಕ್ಕ. ಆ ಗಾಬರಿಯಲ್ಲಿ ಪಟ್ಟಿ ಎಳೆಯುವುದು ಯಾರಿಗೆ ನೆನಪಿರುತ್ತದೆ?

ಈ ಬಾಗಿಲಿನ ವಿಷಯದಲ್ಲಿ ನಾನೇ ಒಮ್ಮೆ ಚೆನ್ನಾಗಿ ಬೈಸಿಕೊಂಡಿದ್ದೇನೆ. ಒಂದು ಬೆಳಿಗ್ಗೆ ಕಾರ್ಡ್ ತೋರಿಸಿ ಒಳಗೆ ಹೋಗುತ್ತಿದ್ದೆ. ಹಿಂದೆ ಒಬ್ಬ ತಾಯಿ, ಎರಡೂ ಕೈಯಲ್ಲಿ ಕಪ್‌ಕೇಕ್ ಡಬ್ಬಿ. ಬಾಗಿಲು ಹಿಡಿದು ನಿಂತೆ. ನಮ್ಮ ಮನೆಯಲ್ಲಿ ಕಲಿಸಿದ್ದೇ ಹಾಗೆ, ಹಿಂದೆ ಬಂದವರ ಮುಖಕ್ಕೆ ಬಾಗಿಲು ಹಾಕುವುದು ಅವಮಾನ. ಹತ್ತು ನಿಮಿಷದಲ್ಲಿ ಪ್ರಿನ್ಸಿಪಾಲ್ ಕರೆದರು. ಆ ತಾಯಿಗೆ ಕೋರ್ಟಿನಿಂದ ಮಗುವಿನ ಹತ್ತಿರ ಬರಬಾರದು ಅಂತ ಆದೇಶ ಇತ್ತಂತೆ. ಅವರೇನೂ ಗನ್ ತಂದಿರಲಿಲ್ಲ, ಕೇಕ್ ತಂದಿದ್ದರು. ಆದರೂ ನಾನು ತೆಗೆದದ್ದು ತಪ್ಪು ಬಾಗಿಲೇ. ಅಂದಿನಿಂದ "ದಯವಿಟ್ಟು ಬೆಲ್ ಒತ್ತಿ, ಆಫೀಸಿನವರು ತೆಗೆಯುತ್ತಾರೆ" ಅಂತ ನಗುನಗುತ್ತಾ ಹೇಳಿ ಮುಖಕ್ಕೇ ಬಾಗಿಲು ಹಾಕುತ್ತೇನೆ. ನೀವೂ ಹಾಕಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಇಲ್ಲಿ ಎಲ್ಲರಿಗೂ ಗೊತ್ತು.

ಟೀಚರ ಕೊರಳಲ್ಲಿ ಐಡಿ ಕಾರ್ಡಿನ ಹಿಂದೆ ಇನ್ನೊಂದು ಸಣ್ಣ ಕಾರ್ಡೋ, ಫೋನಿನಲ್ಲೊಂದು ಆ್ಯಪ್ಪೋ ಇರುತ್ತದೆ. ಅದು ಪ್ಯಾನಿಕ್ ಬಟನ್. ಒತ್ತಿದರೆ ಪೊಲೀಸರಿಗೆ ನೇರ ಸುದ್ದಿ. ಪಾರ್ಕ್‌ಲ್ಯಾಂಡಿನಲ್ಲಿ ಸತ್ತ ಹದಿನಾಲ್ಕು ವರ್ಷದ ಅಲಿಸಾ ಅಲ್‌ಹಡೆಫ್ ಹೆಸರಿನಲ್ಲಿ ‘ಅಲಿಸಾ ಕಾನೂನು’ ಬಂತು. ಅವಳ ತಾಯಿ ಲೋರಿ ಅದಕ್ಕಾಗಿ ರಾಜ್ಯದಿಂದ ರಾಜ್ಯಕ್ಕೆ ಓಡಾಡಿದರು. ಮೊದಲು 2019ರಲ್ಲಿ ನ್ಯೂಜೆರ್ಸಿ, 2020ರಲ್ಲಿ ಫ್ಲೋರಿಡಾ, ಆಮೇಲೆ ನ್ಯೂಯಾರ್ಕ್, ಟೆಕ್ಸಸ್. ಈ ಬಟನ್ ಮತ್ತು ಬಾಗಿಲು ಎರಡೂ ಕೂಡಿ ಕೆಲಸ ಮಾಡಿದ್ದನ್ನು 2024ರ ಸೆಪ್ಟೆಂಬರಿನಲ್ಲಿ ಜಾರ್ಜಿಯಾದ ಅಪಲಾಚಿ ಹೈಸ್ಕೂಲಿನಲ್ಲಿ ಗುಂಡು ಹಾರಿದ ದಿನ ಕಂಡೆವು. ಟೀಚರುಗಳಿಗೆ ಆ ಬಟನ್ ಕೊಟ್ಟು ಹೆಚ್ಚು ದಿನ ಆಗಿರಲಿಲ್ಲ. ಕ್ಲಾಸಿನಿಂದ ಹೊರಗೆ ಹೋಗಿದ್ದ ಹುಡುಗ ವಾಪಸು ಬಂದು ಬಾಗಿಲು ತಟ್ಟಿದ. ತೆಗೆಯಲು ಹೋದ ಹುಡುಗಿಗೆ ಗನ್ ಕಂಡಿತು, ಅವಳು ಹಿಂದೆ ಸರಿದಳು, ಬಾಗಿಲು ತಾನಾಗಿಯೇ ಬೀಗ ಬೀಳುವಂಥದ್ದು. ಅವತ್ತು ನಾಲ್ವರು ಸತ್ತರು, ಸಣ್ಣ ಸಂಗತಿಯಲ್ಲ. ಆ ಒಂದು ಬಾಗಿಲು ತೆರೆದಿದ್ದರೆ ಆ ಕ್ಲಾಸಿನ ಗತಿ ಏನು ಅಂತ ನೀವೇ ಯೋಚಿಸಿ. 2025ರಲ್ಲಿ ಜಾರ್ಜಿಯಾವೂ ಕಾನೂನು ಮಾಡಿತು. ಅವತ್ತು ಸತ್ತ ಟೀಚರ್ ಒಬ್ಬರ ಹೆಸರು, ಅಲಿಸಾಳ ಹೆಸರು ಎರಡೂ ಅದರಲ್ಲಿ ಸೇರಿವೆ.

ಇಷ್ಟು ಕಟ್ಟಡದ ಮಾತಾಯಿತು. ನನ್ನ ಕೆಲಸ ಇದ್ದದ್ದು ಇನ್ನೊಂದು ಕಡೆ, ನಮ್ಮ ಕನ್ನಡದ ಅಪ್ಪ-ಅಮ್ಮಂದಿರಿಗೆ ಜಾಸ್ತಿ ಹೇಳಬೇಕಾದದ್ದೂ ಅದೇ.

ಪಾರ್ಕ್‌ಲ್ಯಾಂಡಿನ ಆ ಹುಡುಗನ ಬಗ್ಗೆ ಯಾರಿಗೂ ಗೊತ್ತಿರಲಿಲ್ಲವಾ? ಎಲ್ಲರಿಗೂ ಗೊತ್ತಿತ್ತು. ಶಾಲೆಗೆ ಗೊತ್ತಿತ್ತು. ಶೆರಿಫ್ ಕಚೇರಿಗೆ ಫೋನ್ ಹೋಗಿದ್ದವು. 2018ರ ಜನವರಿಯಲ್ಲಿ ಒಬ್ಬರು ಎಫ್‌ಬಿಐಗೇ ಕರೆ ಮಾಡಿ ಹೇಳಿದ್ದರು, ಅದು ಈ ಭಾಗ ನೋಡಿಕೊಳ್ಳುವ ಅವರ ಮಯಾಮಿ ಕಚೇರಿಗೆ ಮುಟ್ಟಲೇ ಇಲ್ಲ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಚೂರು, ಕೂಡಿಸಿ ನೋಡುವವರು ಇರಲಿಲ್ಲ. ಅದಕ್ಕೇ ಕಾನೂನು ಪ್ರತಿ ಶಾಲೆಯಲ್ಲೂ ಒಂದು ಥ್ರೆಟ್ ತಂಡ, ಅಂದರೆ ಬೆದರಿಕೆಗಳನ್ನು ಪರಿಶೀಲಿಸುವ ತಂಡ ಇರಬೇಕು ಅಂದಿತು. ಕೌನ್ಸೆಲಿಂಗ್ ಗೊತ್ತಿರುವವರು, ಪಾಠ ಮಾಡುವವರು, ಆಡಳಿತದವರು, ಪೊಲೀಸ್, ನಾಲ್ಕೂ ಕಡೆಯವರು ಒಂದು ಮೇಜಿನ ಸುತ್ತ ಕೂರಬೇಕು. ಕೊನೆಯ ಕೆಲವು ವರ್ಷ ನಾನು ಆ ಮೇಜಿನ ಒಂದು ಕುರ್ಚಿಯಲ್ಲಿ ಕೂತಿದ್ದೆ. ಬರುವ ಕೇಸುಗಳಲ್ಲಿ ಮುಕ್ಕಾಲು ಪಾಲು ಸಿಟ್ಟು, ಸಂಕಟ, ಒಬ್ಬಂಟಿತನ. ಯಾರನ್ನೂ ಕೊಲ್ಲುವ ಯೋಚನೆ ಇಲ್ಲದ, ಆದರೆ ಯಾರಾದರೂ ತಮ್ಮ ಕಡೆ ತಿರುಗಿ ನೋಡಲಿ ಅನ್ನುವ ಮಕ್ಕಳು.

ಇದಕ್ಕೆಲ್ಲ ಮೊದಲು ಯಾರಾದರೂ ಬಂದು ಹೇಳಬೇಕು. ಸೀಕ್ರೆಟ್ ಸರ್ವಿಸ್ ಅಂದರೆ ಅಧ್ಯಕ್ಷರ ಕಾವಲಿನವರು, ಅವರಲ್ಲಿ ಇಂಥ ದಾಳಿಗಳನ್ನು ಓದುವ ಒಂದು ವಿಭಾಗ ಇದೆ. 2021ರಲ್ಲಿ ಅವರು, ನಡೆಯುವ ಮೊದಲೇ ತಪ್ಪಿಹೋದ 67 ಶಾಲಾ ದಾಳಿಗಳನ್ನು ಕೂತು ಅಭ್ಯಾಸ ಮಾಡಿದರು. ಹೆಚ್ಚಿನವು ತಪ್ಪಿದ್ದು ಜೊತೆಯ ಮಕ್ಕಳು ಕಂಡದ್ದನ್ನು, ಕೇಳಿದ್ದನ್ನು ದೊಡ್ಡವರಿಗೆ ಹೇಳಿದ್ದರಿಂದ. ಗನ್ನಿನಿಂದಲ್ಲ, ಕ್ಯಾಮೆರಾದಿಂದಲ್ಲ. ಅದಕ್ಕಾಗಿಯೇ ಫ್ಲೋರಿಡಾದಲ್ಲಿ ಫೋರ್ಟಿಫೈ ಎಫ್‌ಎಲ್ ಅನ್ನುವ ಆ್ಯಪ್ ಇದೆ, ಹೆಸರು ಹೇಳದೆಯೂ ದೂರು ಕಳಿಸಬಹುದು.

ಇಲ್ಲಿ ನಮ್ಮ ಮನೆಗಳ ಒಂದು ಅಭ್ಯಾಸ ಅಡ್ಡ ಬರುತ್ತದೆ. ಮಗು ಬಂದು "ಅಮ್ಮಾ, ಅವನು ಹಿಂಗಂದ" ಅಂದ ಕೂಡಲೇ ನಾವು "ಚಾಡಿ ಹೇಳಬೇಡ" ಅಂತೀವಿ. ದೊಡ್ಡವರಾದ ಮೇಲೆ ಅದೇ "ನಮಗ್ಯಾಕೆ ಊರ ಉಸಾಬರಿ" ಆಗುತ್ತದೆ. ನಾನೂ ಹಾಗೆಯೇ ಬೆಳೆದವಳು. ಮಗಳಿಗೆ ವ್ಯತ್ಯಾಸ ಕಲಿಸುವುದು ಕಷ್ಟವಲ್ಲ. ಯಾರಿಗೋ ಬೈಸಬೇಕು ಅಂತ ಹೇಳಿದರೆ ಅದು ಚಾಡಿ. ಯಾರಿಗೋ ಪೆಟ್ಟಾಗದಿರಲಿ ಅಂತ ಹೇಳಿದರೆ ಅದು ಚಾಡಿ ಅಲ್ಲ. ಏಳು ವರ್ಷದ ಮಗುವಿಗೆ ಇಷ್ಟು ಅರ್ಥವಾಗುತ್ತದೆ, ನಾನು ಪುಟ್ಟ ಮಕ್ಕಳಿಗೆ ಕ್ಲಾಸಿನಲ್ಲಿ ಹೇಳಿಕೊಟ್ಟು ನೋಡಿದ್ದೇನೆ.

ಇದರ ಇನ್ನೊಂದು ಮಗ್ಗಲನ್ನೂ ಹೇಳಬೇಕು, ಏಕೆಂದರೆ ನಿಮ್ಮ ಮಗಳು ನಾಳೆ ಮಿಡ್ಲ್ ಸ್ಕೂಲಿಗೆ ಹೋಗುತ್ತಾಳೆ, ಕೈಗೆ ಫೋನ್ ಬರುತ್ತದೆ. ಫ್ಲೋರಿಡಾದಲ್ಲಿ ಕೊಲ್ಲುತ್ತೇನೆ, ಶಾಲೆಗೆ ಗುಂಡು ಹೊಡೆಯುತ್ತೇನೆ ಅಂತ ಬರೆದು ಕಳಿಸುವುದೇ ಅಪರಾಧ, ಅದೂ ಸೆಕೆಂಡ್ ಡಿಗ್ರಿ ಫೆಲನಿ, ಅಂದರೆ ಗಂಭೀರ ಅಪರಾಧ. ತಮಾಷೆಗೆ ಬರೆದೆ ಅಂದರೆ ಅಲ್ಲಿಗೆ ಮುಗಿಯುವುದಿಲ್ಲ. ಅಪಲಾಚಿ ಘಟನೆಯ ನಂತರ ನಮ್ಮದೇ ರಾಜ್ಯದ ವೊಲೂಸಿಯಾ ಕೌಂಟಿಯಲ್ಲಿ ಬೆದರಿಕೆ ಹಾಕಿದ ಹನ್ನೊಂದು ವರ್ಷದ ಹುಡುಗನಿಗೆ ಕೋಳ ತೊಡಿಸಿ ಕರೆದೊಯ್ಯುವ ವಿಡಿಯೊವನ್ನು ಶೆರಿಫರೇ ಹಾಕಿದರು. ನನಗೆ ಅದು ಸರಿ ಕಾಣಲಿಲ್ಲ. ಆ ವಯಸ್ಸಿನ ಮಗುವಿನ ಮುಖ ಊರಿಗೆಲ್ಲ ತೋರಿಸಿ ಯಾವ ಶಾಲೆ ಸುರಕ್ಷಿತವಾಗುತ್ತದೆ? ಆದರೆ ಕಾನೂನು ಅಷ್ಟು ಬಿಗಿ ಇದೆ ಅನ್ನುವುದು ನಮ್ಮ ಮಕ್ಕಳಿಗೆ ಗೊತ್ತಿರಬೇಕು.

ನಮ್ಮ ಕಡೆಯವರದೇ ಒಂದು ಪ್ರಸಂಗ. ಆರನೇ ಕ್ಲಾಸಿನ ಹುಡುಗ ಗುಂಪಿನ ಚಾಟಿನಲ್ಲಿ, ಗಣಿತದ ಟೆಸ್ಟ್ ಮುಂದೆ ಹೋಗದಿದ್ದರೆ ಶಾಲೆಗೆ ಬಾಂಬ್ ಇಡ್ತೀನಿ ಅಂತ ಬರೆದ, ಪಕ್ಕದಲ್ಲಿ ನಗುವ ಮುಖ ಬೇರೆ. ಶಾಲೆಯಿಂದ ಫೋನ್ ಹೋದ ಕೂಡಲೇ ಅಪ್ಪ ಮಾಡಿದ ಮೊದಲ ಕೆಲಸ, ಮಗನ ಫೋನಿನಿಂದ ಆ ಚಾಟನ್ನೆಲ್ಲ ಅಳಿಸಿದ್ದು. ಮರ್ಯಾದೆ ಉಳಿಸಿಕೊಳ್ಳಲು ಮಾಡಿದ್ದು, ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಬೇರೆ ಮಕ್ಕಳ ಫೋನಿನಲ್ಲಿ ಆ ಸಾಲು ಇದ್ದೇ ಇತ್ತು, ಆ ನಗುವ ಮುಖದ ಮೇಲೆ ಕೆಳಗೆ ಇದ್ದ ಮಾತುಗಳು ಯಾರ ಹತ್ತಿರವೂ ಪೂರ್ತಿ ಇರಲಿಲ್ಲ. ಹುಡುಗನ ಪರವಾಗಿ ಮಾತಾಡಬಹುದಾಗಿದ್ದ ಸಾಕ್ಷಿಯನ್ನೇ ಅಳಿಸಿಬಿಟ್ಟಿದ್ದರು. ಅರ್ಧ ದಿನದಲ್ಲಿ ಮುಗಿಯಬೇಕಾದದ್ದು ಮೂರು ವಾರ ಎಳೆಯಿತು. ಶಾಲೆಯಿಂದ ಅಂಥ ಫೋನ್ ಬಂದರೆ ಏನನ್ನೂ ಅಳಿಸಬೇಡಿ, ಹೋಗಿ ಎದುರಿಗೆ ಕೂರಿ, ಬೇಕಾದರೆ ವಕೀಲರನ್ನು ಕೇಳಿ.

ಜೊತೆಗೆ ಬೇಕರ್ ಆ್ಯಕ್ಟ್ ಅನ್ನುವ ಹೆಸರು ಕೇಳಿಟ್ಟುಕೊಳ್ಳಿ. ತನಗೋ ಬೇರೆಯವರಿಗೋ ಅಪಾಯ ಮಾಡಿಕೊಳ್ಳಬಹುದು ಅನ್ನಿಸಿದರೆ ಒಬ್ಬರನ್ನು, ಮಗುವನ್ನೂ ಕೂಡ, 72 ಗಂಟೆಯವರೆಗೆ ಮಾನಸಿಕ ಆರೋಗ್ಯದ ಪರೀಕ್ಷೆಗೆ ಇಟ್ಟುಕೊಳ್ಳಲು ಈ ರಾಜ್ಯದಲ್ಲಿ ಹಳೆಯ ಕಾನೂನು ಇದೆ. ಶಾಲೆಯಿಂದ ಮಗುವನ್ನು ಹಾಗೆ ಕರೆದೊಯ್ಯುವ ಮೊದಲು ಪೋಷಕರಿಗೆ ತಿಳಿಸಲು ಪ್ರಯತ್ನ ಮಾಡಲೇಬೇಕು ಅಂತ 2021ರಲ್ಲಿ ತಿದ್ದುಪಡಿ ತಂದರು. ಅಂದರೆ ನಿಮ್ಮ ಫೋನ್ ನಂಬರ್ ಶಾಲೆಯಲ್ಲಿ ಸರಿಯಾಗಿರಬೇಕು. ಬಂದ ಹೊಸದರಲ್ಲಿ ತೆಗೆದುಕೊಂಡ ಸಿಮ್ ಬದಲಾಯಿಸಿ, ಶಾಲೆಗೆ ಹೇಳದೆ ಬಿಟ್ಟವರನ್ನು ಎಷ್ಟು ಜನರನ್ನು ನೋಡಿದ್ದೇನೋ!

ಶಾಲೆಯ ಕಾನೂನಿನ ಆಚೆಗಿನ ಒಂದು ಮಾತು. ಈ ದೇಶದಲ್ಲಿ ಒಂದರಿಂದ ಹತ್ತೊಂಬತ್ತು ವರ್ಷದ ಮಕ್ಕಳ ಸಾವಿಗೆ 2020ರಿಂದ ಮೊದಲ ಕಾರಣ ಗನ್ನು. ಅದರಲ್ಲಿ ಶಾಲೆಯೊಳಗೆ ಆಗುವುದು ಬಹಳ ಚಿಕ್ಕ ಪಾಲು. ಹೆಚ್ಚಿನದು ಆಗುವುದು ಮನೆಗಳಲ್ಲಿ, ಬೀದಿಗಳಲ್ಲಿ. ಶಾಲೆಯಲ್ಲಿ ಗುಂಡು ಹಾರಿಸಿದ ಮಕ್ಕಳಿಗೂ ಗನ್ ಸಿಕ್ಕಿದ್ದು ಎಲ್ಲಿಂದ? ಸೀಕ್ರೆಟ್ ಸರ್ವಿಸ್‌ನವರ 2019ರ ಅಧ್ಯಯನದ ಪ್ರಕಾರ ನೂರಕ್ಕೆ 76 ಜನಕ್ಕೆ ಅಪ್ಪ-ಅಮ್ಮನ ಅಥವಾ ಹತ್ತಿರದ ನೆಂಟರ ಮನೆಯಿಂದ. ಹಾಗಾಗಿ ಮಗಳು ಗೆಳತಿಯ ಮನೆಗೆ ಆಡಲು ಹೋಗುವ ಮೊದಲು ಕೇಳಿ: "ಮನೆಯಲ್ಲಿ ಗನ್ ಇದೆಯಾ, ಬೀಗ ಹಾಕಿಟ್ಟಿದ್ದೀರಾ?" ನನಗೆ ಮೊದಲ ಸಲ ಕೇಳುವಾಗ ನಾಲಿಗೆ ಹೊರಳಲಿಲ್ಲ. ಆಮೇಲೆ ಒಂದು ಉಪಾಯ ಸಿಕ್ಕಿತು. "ಅವಳಿಗೆ ಮೊಟ್ಟೆ ಕೊಡಬೇಡಿ, ನಾಯಿ ಕಂಡರೆ ಹೆದರಿಕೆ, ಅಂದಹಾಗೆ ಗನ್ ಇದ್ದರೆ ಬೀಗ ಹಾಕಿದೆ ತಾನೆ?" ಅಂತ ಒಂದೇ ಉಸಿರಿನಲ್ಲಿ ಕೇಳುತ್ತಿದ್ದೆ. ಇಲ್ಲಿನವರು ಸಹಜವಾಗಿ ಉತ್ತರ ಕೊಡುತ್ತಾರೆ. ಮಕ್ಕಳ ಕೈಗೆ ಸಿಗದ ಹಾಗೆ ಗನ್ ಇಡಬೇಕು ಅನ್ನುವ ಕಾನೂನು ಮಾಡಿದ ಮೊದಲ ರಾಜ್ಯವೇ ಫ್ಲೋರಿಡಾ, 1989ರಲ್ಲಿ.

ಡ್ರಿಲ್ ದಿನ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ವರ್ಷಕ್ಕೆ ಆರು ಡ್ರಿಲ್ ಇರುತ್ತವೆ, ಮೊದಲನೆಯದು ಶಾಲೆ ಶುರುವಾದ ಹತ್ತು ದಿನದೊಳಗೆ. ಎಲ್ಲವೂ ಗನ್ನಿನದಲ್ಲ. ಮಕ್ಕಳ ವಯಸ್ಸಿಗೆ ತಕ್ಕ ಹಾಗೆ ಮಾಡಬೇಕು ಅಂತ ಕಾನೂನೇ ಹೇಳುತ್ತದೆ. ಡ್ರಿಲ್‌ನಿಂದ ಮಕ್ಕಳಿಗೆ ಆತಂಕ ಜಾಸ್ತಿಯಾಗುತ್ತದೆ ಅನ್ನುವುದಕ್ಕೆ ಅಧ್ಯಯನಗಳಿವೆ, ನಿಮ್ಮ ಚಿಂತೆ ಸುಳ್ಳಲ್ಲ. ನಕಲಿ ಗುಂಡಿನ ಶಬ್ದ ಮಾಡುವುದು, ಯಾರೋ ಬಂದು ಬಾಗಿಲು ಬಡಿಯುವುದು, ಇಂಥ ನಾಟಕ ನಿಮ್ಮ ಶಾಲೆಯಲ್ಲಿ ನಡೆಯುತ್ತಿದ್ದರೆ ಖಂಡಿತ ಹೋಗಿ ಆಕ್ಷೇಪಿಸಿ. ಆದರೆ ಲೈಟ್ ಆರಿಸಿ ಮೂಲೆಯಲ್ಲಿ ಸುಮ್ಮನೆ ಕೂರುವುದು ಬೇರೆ. ತಪ್ಪಿಸಿಕೊಂಡ ಮಗುವಿಗೆ ಮೂಲೆ ಯಾವುದು ಅಂತಲೇ ಗೊತ್ತಿರುವುದಿಲ್ಲ. ಕೌನ್ಸೆಲರ್‌ಗೆ ಒಂದು ಇಮೇಲ್ ಹಾಕಿ, ಮಗಳು ಹೊಸಬಳು, ಸ್ವಲ್ಪ ಹೆದರುತ್ತಾಳೆ ಅನ್ನಿ. ಡ್ರಿಲ್ ಹೊತ್ತಿಗೆ ಆ ಕ್ಲಾಸಿಗೇ ಹೋಗಿ ಅಂಥ ಮಗುವಿನ ಪಕ್ಕ ನೆಲದ ಮೇಲೆ ಕೂರುವುದು ನನ್ನ ಮಾಮೂಲಿ ಕೆಲಸವಾಗಿತ್ತು. ಮನೆಯಲ್ಲಿ ಅವಳೇ ಮಾತೆತ್ತಿದರೆ, "ಬಸ್ಸಿನಲ್ಲಿ ಬೆಲ್ಟ್ ಹಾಕ್ತೀವಲ್ಲ, ಹಾಗೆ" ಅಂದರೆ ಸಾಕು. ಅವಳ ಮುಂದೆ ಪಾರ್ಕ್‌ಲ್ಯಾಂಡ್ ಕತೆ ಬೇಡ, ಟಿವಿಯಲ್ಲಿ ಬಂದರೆ ಆರಿಸಿ.

ಖಾಸಗಿ ಶಾಲೆಯ ಬಗ್ಗೆ ಯಜಮಾನರಿಗೆ ಇಷ್ಟು ಹೇಳಿ. ಪಾಠ, ಶಿಸ್ತು, ಬೇರೆ ಯಾವ ಕಾರಣಕ್ಕಾದರೂ ಸೇರಿಸಿ, ನಿಮ್ಮಿಷ್ಟ. ಸುರಕ್ಷತೆಗೆ ಅಂತ ಸೇರಿಸಬೇಡಿ. ನಾನು ಮೇಲೆ ಹೇಳಿದ ಆಫೀಸರ್, ಪ್ಯಾನಿಕ್ ಬಟನ್, ಥ್ರೆಟ್ ತಂಡ, ಬೀಗದ ನಿಯಮ ಎಲ್ಲ ಬರೆದದ್ದು ಸರ್ಕಾರಿ ಶಾಲೆಗಳಿಗೆ. ಖಾಸಗಿಯವರು ತಾವಾಗಿ ಮಾಡಿಕೊಂಡಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. 2023ರಲ್ಲಿ ಅವರೂ ಗಾರ್ಡಿಯನ್ ಇಟ್ಟುಕೊಳ್ಳಬಹುದು ಅಂತ ಬಾಗಿಲು ತೆರೆದರು, ಇಡಲೇಬೇಕು ಅಂತ ಹೇಳಲಿಲ್ಲ. ಶಾಲೆ ನೋಡಲು ಹೋದಾಗ ಕಂಪ್ಯೂಟರ್ ಲ್ಯಾಬ್ ತೋರಿಸುತ್ತಾರೆ. ನೀವು ಕ್ಲಾಸಿನ ಬಾಗಿಲಿನ ಹಿಡಿಕೆ ತಿರುಗಿಸಿ ನೋಡಿ.

ಕೊನೆಗೆ ನಿಮ್ಮ ಅತ್ತೆ-ಮಾವಂದಿರ ವಿಷಯ. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಹುಸಿ ಬಾಂಬ್ ಇಮೇಲ್ ಬಂದ ದಿನ ನೆನಪಿದೆಯಲ್ಲ? ಅಪ್ಪ-ಅಮ್ಮಂದಿರೆಲ್ಲ ಗೇಟಿಗೆ ಓಡಿದರು. ನಾನು ಅಲ್ಲಿದ್ದರೆ ನಾನೂ ಓಡುತ್ತಿದ್ದೆ. ಇಲ್ಲಿ ಹಾಗೆ ಓಡಿದರೆ ಆಂಬುಲೆನ್ಸಿಗೆ ದಾರಿ ಕಟ್ಟುತ್ತದೆ, ಪೊಲೀಸರು ತಡೆಯುತ್ತಾರೆ. 2022ರ ಕಾನೂನಿನಿಂದ ಪ್ರತಿ ಜಿಲ್ಲೆಯೂ ಮಕ್ಕಳನ್ನು ಮನೆಯವರಿಗೆ ಒಪ್ಪಿಸುವ ಯೋಜನೆ ಮೊದಲೇ ಬರೆದಿಟ್ಟಿರಬೇಕು. ಮಕ್ಕಳನ್ನು ಬೇರೆ ಜಾಗಕ್ಕೆ, ಒಂದು ಚರ್ಚೋ ಸ್ಟೇಡಿಯಮ್ಮೋ, ಕರೆದೊಯ್ಯುತ್ತಾರೆ. ಎಲ್ಲಿಗೆ ಅಂತ ನಿಮಗೆ ಮೆಸೇಜ್ ಬರುತ್ತದೆ. ಅಲ್ಲಿ ಗುರುತಿನ ಚೀಟಿ ತೋರಿಸಿ, ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ ಮಗು ಸಿಗುತ್ತದೆ. ನೀವಿಬ್ಬರೂ ಆಫೀಸಿನಲ್ಲಿದ್ದು ಮಾವನವರು ಹೋದರು ಅಂತಿಟ್ಟುಕೊಳ್ಳಿ. ಮೊಮ್ಮಗಳು "ತಾತಾ" ಅಂತ ಕೂಗಿ ಓಡಿ ಬಂದರೂ ಪಟ್ಟಿಯಲ್ಲಿ ಹೆಸರಿಲ್ಲದೆ ಬಿಡುವುದಿಲ್ಲ.

ಅವರು ವಿಮಾನ ಹತ್ತುವ ಮೊದಲೇ ಶಾಲೆಯ ಆಫೀಸಿಗೆ ಹೋಗಿ ಇಬ್ಬರ ಹೆಸರನ್ನೂ ಬರೆಸಿ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಬರೆಸಿ, ಇನಿಷಿಯಲ್ಲನ್ನು ಬಿಡಿಸಿ ಊರಿನ ಹೆಸರೋ ಅಪ್ಪನ ಹೆಸರೋ ಎಲ್ಲವನ್ನೂ ಸೇರಿಸಿ. ನನ್ನ ಮಾವನವರ ಹೆಸರನ್ನು ನಾನು ಮನೆಯಲ್ಲಿ ಕರೆಯುವ ಹಾಗೆ ‘ಕಿಟ್ಟಣ್ಣ’ ಅಂತ ಬರೆಸಿ ಬಂದಿದ್ದೆ. ಒಂದು ಸಾಮಾನ್ಯ ಶುಕ್ರವಾರ ಮಧ್ಯಾಹ್ನ ಮಗಳಿಗೆ ಜ್ವರ ಬಂದು ಅವರು ಕರೆತರಲು ಹೋದಾಗ, ಮುಕ್ಕಾಲು ಗಂಟೆ ಆಫೀಸಿನ ಕುರ್ಚಿಯಲ್ಲಿ ಪಾಸ್‌ಪೋರ್ಟ್ ಹಿಡಿದು ಕೂತಿದ್ದರು.